ಬ್ರೇಕಿನಿಂದ ಸದ್ದು ಬರ್ತಿದೆಯಾ? ಘಾಟಿ ಇಳಿಯುವ ಮೊದಲು ನೀವೇ ಪತ್ತೆ ಹಚ್ಚಿ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಮಳೆಗಾಲದಲ್ಲಿ ಹೋಗಿ ನಿಂತರೆ ಈ ಮಾತು ಕಿವಿಗೆ ಬೀಳದೇ ಇರುವುದಿಲ್ಲ: "ಅಣ್ಣಾ, ಬ್ರೇಕಿಂದ ಏನೋ ಸೌಂಡ್ ಬರ್ತಿದೆ, ಸ್ವಲ್ಪ ನೋಡಿ." ಮೆಕ್ಯಾನಿಕ್ ಕೇಳುವುದು ಒಂದೇ ಪ್ರಶ್ನೆ: "ಯಾವಾಗ ಬರುತ್ತೆ ಸಾರ್?" ಅಲ್ಲಿಗೆ ಗಾಡಿಯವರು ತಡವರಿಸುತ್ತಾರೆ. "ಯಾವಾಗ್ಲೂ ಬರುತ್ತೆ... ಕೆಲವು ಸಲ ಬರಲ್ಲ." ಗ್ಯಾರೇಜಿನವರು ಒಂದು ರೌಂಡ್ ಹೊಡೆದು ನೋಡಿದರೆ ಸದ್ದು ಬರುವುದೇ ಇಲ್ಲ. ಕೊನೆಗೆ ಅಂದಾಜಿನ ಮೇಲೆ ಪ್ಯಾಡ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಬದಲಾಗುತ್ತದೆ. ದುಡ್ಡು ಹೋಗುತ್ತದೆ, ವಾರದೊಳಗೆ ಸದ್ದು ಮತ್ತೆ ಹಾಜರ್.

ಬ್ರೇಕಿನ ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದರಿಂದ ಜಾಸ್ತಿ ಗೊತ್ತಾಗುತ್ತದೆ. ಒತ್ತಿದಾಗ ಬರುತ್ತದೋ, ಒತ್ತಿದರೆ ನಿಲ್ಲುತ್ತದೋ? ಬೆಳಿಗ್ಗೆ ಮಾತ್ರವೋ, ಘಾಟಿ ಇಳಿದ ಮೇಲೋ? ಹಳ್ಳ ಬಿದ್ದ ರಸ್ತೆಯಲ್ಲೋ, ನುಣ್ಣನೆಯ ರಸ್ತೆಯಲ್ಲೂ ಇದೆಯೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ಸ್ಪ್ಯಾನರ್ ಬೇಡ, ಕಿವಿ ಸಾಕು. ಚಕ್ರ ಬಿಚ್ಚುವುದು ಆಮೇಲಿನ ಮಾತು.

ಮಲೆನಾಡಿನವರಿಗೆ ಇದು ಸ್ವಲ್ಪ ಜಾಸ್ತಿಯೇ ಬೇಕು. ಇಲ್ಲಿ ತಿಂಗಳುಗಟ್ಟಲೆ ಗಾಡಿ ಒದ್ದೆಯಾಗಿಯೇ ಇರುತ್ತದೆ. ಕೆಂಪು ಕೆಸರು, ಜಂಬಿಟ್ಟಿಗೆ ಚೂರು, ದರಗು ಎಲ್ಲ ಚಕ್ರದೊಳಗೆ ಸೇರುತ್ತವೆ. ಹಾಗಾಗಿ ಬರುವ ಸದ್ದುಗಳಲ್ಲಿ ನಿರುಪದ್ರವಿಗಳೂ ಬಹಳ. ಆದರೆ ಉಡುಪಿಗೆ ಹೋಗಬೇಕಾದರೆ ಆಗುಂಬೆ ಇಳಿಯಬೇಕು, ಕುಂದಾಪುರಕ್ಕೆ ಹೋಗಬೇಕಾದರೆ ಹುಲಿಕಲ್ ಘಾಟಿ ಇಳಿಯಬೇಕು. ಪಟ್ಟಣದೊಳಗೆ ಓಡಾಡುವಾಗ ತಡೆದುಕೊಳ್ಳುವ ದೋಷವನ್ನು ಘಾಟಿ ತಡೆದುಕೊಳ್ಳುವುದಿಲ್ಲ.

ಹೆಜ್ಜೆ 1: ಗಾಡಿ ಓಡಿಸಬಹುದಾ, ಮೊದಲು ಅದನ್ನು ನೋಡಿ

ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಮೆತ್ತಗಿದ್ದು, ಎರಡು ಮೂರು ಸಲ ತುಳಿದ ಮೇಲಷ್ಟೇ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿರಬಹುದು, ಅಥವಾ ಹಿಂದಿನ ಡ್ರಮ್ ಬ್ರೇಕ್ ಅಡ್ಜಸ್ಟ್ ತಪ್ಪಿರಬಹುದು.

ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟ ಮೇಲೂ ಕೆಂಪು ದೀಪ ಉರಿಯುತ್ತಿದ್ದರೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಚಕ್ರಗಳ ಒಳಮೈಯಲ್ಲಿ ಎಣ್ಣೆ ಇಳಿದ ಗುರುತು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಪೆಡಲ್ ಇಳಿಯುತ್ತಿದ್ದರೆ, ಎಣ್ಣೆ ಸೋರಿದ್ದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ, ಅಥವಾ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಅನ್ನುತ್ತಿದ್ದರೆ ಗಾಡಿ ತೆಗೆಯಬೇಡಿ. "ಹತ್ತಿರದ ಗ್ಯಾರೇಜಿನ ತನಕ ಮೆಲ್ಲಗೆ ಹೋಗ್ತೀನಿ" ಅನ್ನುವುದು ಬಯಲುಸೀಮೆಯಲ್ಲಿ ನಡೆದರೂ ನಡೆದೀತು. ನಮ್ಮಲ್ಲಿ ಗ್ಯಾರೇಜಿನ ನಡುವೆ ಎರಡು ಇಳಿಜಾರು, ಒಂದು ಸೇತುವೆ ಇದ್ದೇ ಇರುತ್ತದೆ. ಮೆಕ್ಯಾನಿಕ್ಕನ್ನೇ ಕರೆಸಿ.

ಹೆಜ್ಜೆ 2: ಕೇಳಿಸಿಕೊಳ್ಳಿ

ಸಮತಟ್ಟಾದ, ಜನ ಇಲ್ಲದ ಜಾಗ ಬೇಕು. ಶಿವಮೊಗ್ಗದವರಿಗೆ ಹೊಸ ಲೇಔಟ್‌ಗಳ ಖಾಲಿ ರಸ್ತೆ ಬೆಳಿಗ್ಗೆ ಹೊತ್ತಿನಲ್ಲಿ ಸಿಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಸಮತಟ್ಟು ರಸ್ತೆ ಹುಡುಕುವುದೇ ಒಂದು ಕೆಲಸ ಮಾರಾಯ್ರೇ. ರಜೆ ದಿನ ಊರಿನ ಮೈದಾನವೋ, ಅಡಿಕೆ ಒಣಗಿಸುವ ದೊಡ್ಡ ಕಣವೋ ಆದೀತು. ಉದ್ದನೆಯ ಕಾಂಪೌಂಡ್ ಗೋಡೆ ಪಕ್ಕದಲ್ಲಿ ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಗೋಡೆ ಕಡೆಯ ಚಕ್ರದ ಸದ್ದು ತಿರುಗಿ ಬಂದು ಕಿವಿಗೆ ಸರಿಯಾಗಿ ಬೀಳುತ್ತದೆ. ವಾಪಸ್ ಬರುವಾಗ ಇನ್ನೊಂದು ಕಡೆಯ ಚಕ್ರ ಗೋಡೆಗೆ ಬರುತ್ತದೆ.

ಎಸಿ, ಹಾಡು ಎರಡೂ ಬಂದ್. ನಾಲ್ಕೂ ಕಿಟಕಿ ಇಳಿಸಿ. ಡೋರ್ ಪಾಕೆಟ್ಟಿನ ನೀರಿನ ಬಾಟಲಿ, ಡಿಕ್ಕಿಯ ಜಾಕ್ ಕೆಳಗಿಡಿ. ಇವೂ ಸದ್ದು ಮಾಡಿ ದಾರಿ ತಪ್ಪಿಸುತ್ತವೆ. ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಸದ್ದು ಮುಂದಿನದೋ ಹಿಂದಿನದೋ ಅನ್ನುವುದನ್ನು ಡ್ರೈವರ್ ಸೀಟಿನಿಂದ ಹೇಳುವುದು ಕಷ್ಟ.

ಈಗ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬ್ರೇಕ್ ಮುಟ್ಟದೆ ಹೋಗಿ. ನಂತರ ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿಸಿ. ಮತ್ತೆ ಅದೇ ವೇಗಕ್ಕೆ ತಂದು ಈ ಸಲ ಸ್ವಲ್ಪ ಗಟ್ಟಿಯಾಗಿ ಒತ್ತಿ. ರಿವರ್ಸ್ ಹೋಗಿ ಒತ್ತಿ. ಎಡಕ್ಕೊಂದು, ಬಲಕ್ಕೊಂದು ದೊಡ್ಡ ಸುತ್ತು ಹಾಕಿ. ಎಳೆಯುವ ಹ್ಯಾಂಡ್ ಬ್ರೇಕ್ ಇರುವ ಗಾಡಿಯಾದರೆ ಇನ್ನೊಂದು ಪರೀಕ್ಷೆ ಇದೆ. ರಸ್ತೆ ಒಣಗಿರಬೇಕು, ವೇಗ 10 ಕಿ.ಮೀ. ದಾಟಬಾರದು. ಲಿವರ್ ತುದಿಯ ಬಟನ್ ಒತ್ತಿಯೇ ಹಿಡಿದು ನಿಧಾನಕ್ಕೆ ಎಳೆಯಿರಿ. ಸಣ್ಣ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಆಗ ಸದ್ದು ಬಂದರೆ ಹಿಂದಿನ ಬ್ರೇಕಿನದ್ದೇ ತಕರಾರು ಅಂತಾಯಿತು. ಸ್ವಿಚ್ಚಿನ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಈ ಪ್ರಯೋಗ ಬೇಡ.

ಇಷ್ಟನ್ನೂ ಗಾಡಿ ತಣ್ಣಗಿದ್ದಾಗ ಒಮ್ಮೆ, ಇಪ್ಪತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ಬಹಳ ಅನುಕೂಲ.

ಹೆಜ್ಜೆ 3: ಬೆಳಿಗ್ಗೆ ಮಾತ್ರ ಬಂದು ಹೋಗುವ ಸದ್ದು

ಆರಿದ್ರ ಮಳೆ ಹಿಡಿದ ಮೇಲೆ ನಮ್ಮ ಕಡೆ ಅತಿ ಹೆಚ್ಚು ಕೇಳುವ ಸದ್ದು ಇದು. ಚಕ್ರದ ಜೊತೆ ತಿರುಗುವ ತಟ್ಟೆಯಂಥ ಡಿಸ್ಕ್ ಮಾಡುವುದು ಬೀಡು ಕಬ್ಬಿಣದಿಂದ. ಅದಕ್ಕೆ ಬಣ್ಣ ಹೊಡೆಯುವ ಹಾಗಿಲ್ಲ, ಪ್ಯಾಡ್ ಉಜ್ಜುವ ಜಾಗ ಅಲ್ವಾ? ರಾತ್ರಿ ಮಳೆಗೆ ಒದ್ದೆಯಾಗಿ ನಿಂತರೆ ಬೆಳಿಗ್ಗೆಯೊಳಗೆ ತೆಳ್ಳಗೆ ಕಿತ್ತಳೆ ಬಣ್ಣದ ತುಕ್ಕು ಹತ್ತಿರುತ್ತದೆ. ಹೊರಟ ಕೂಡಲೇ ಕರಕರ, ಸರಸರ ಅನ್ನುತ್ತದೆ. ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ತುಕ್ಕು ಉಜ್ಜಿಹೋಗಿ ಸದ್ದು ನಿಂತರೆ ಅದನ್ನು ಮರೆತುಬಿಡಿ. ಅದಕ್ಕಾಗಿ ಗ್ಯಾರೇಜಿಗೆ ಹೋಗುವುದು ದಂಡ.

ವಾರಗಟ್ಟಲೆ ನಿಂತ ಗಾಡಿಯ ಕತೆ ಬೇರೆ. ಮಕ್ಕಳು ಬೆಂಗಳೂರಿನಲ್ಲಿ, ಕಾರು ಊರಿನ ಮನೆಯ ಶೆಡ್ಡಿನಲ್ಲಿ ಅನ್ನುವ ಪರಿಸ್ಥಿತಿ ಮಲೆನಾಡಿನಲ್ಲಿ ಎಷ್ಟೋ ಮನೆಯಲ್ಲಿದೆ. ಹೀಗೆ ನಿಂತ ಗಾಡಿಯ ತುಕ್ಕು ಆಳಕ್ಕೆ ಇಳಿದಿರುತ್ತದೆ. ಪ್ಯಾಡ್ ಕೂತಿದ್ದ ಜಾಗದಲ್ಲಿ ಮಾತ್ರ ಬೇರೆ ಥರ ಕಲೆಯಾಗಿ ಉಳಿದಿರುತ್ತದೆ. ಆಗ ಚಕ್ರ ಒಂದು ಸುತ್ತು ಬಂದಾಗಲೊಮ್ಮೆ "ಸರ್... ಸರ್..." ಅಂತ ತಾಳ ಹಾಕಿದ ಹಾಗೆ ಬರುತ್ತದೆ. ಒಂದೆರಡು ದಿನ ಓಡಿಸಿದರೂ ಹೋಗದಿದ್ದರೆ ಡಿಸ್ಕ್ ತೋರಿಸಲೇಬೇಕು.

ಹ್ಯಾಂಡ್ ಬ್ರೇಕ್ ಎಳೆದು ಮಳೆಯಲ್ಲಿ ನಿಲ್ಲಿಸಿದರೆ ಹಿಂದಿನ ಡ್ರಮ್ಮಿಗೆ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಭಾಗ) ಅಂಟಿಕೊಳ್ಳುವುದೂ ಉಂಟು. ಗಾಡಿ ಮುಂದೆ ಹೋಗಲು ಒದ್ದಾಡುತ್ತದೆ, ಆಮೇಲೆ "ಟಕ್" ಅಂತ ಬಿಡಿಸಿಕೊಳ್ಳುತ್ತದೆ. ಒಮ್ಮೆ ಟಕ್ ಅಂದು ಸುಮ್ಮನಾದರೆ ಏನೂ ಆಗಿಲ್ಲ. ಬಿಡದೇ ಹೋದರೆ ಆಕ್ಸಿಲರೇಟರ್ ತುಳಿದು ಎಳೆಯಲು ಹೋಗಬೇಡಿ, ಲೈನಿಂಗ್ ಶೂನಿಂದ ಕಿತ್ತು ಬರಬಹುದು. ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ಬಿಡಿಸಿ. ಮಳೆಗಾಲದಲ್ಲಿ ಮನೆಯ ಸಮತಟ್ಟು ಅಂಗಳದಲ್ಲಿ ನಿಲ್ಲಿಸುವಾಗ ಗೇರಿನಲ್ಲಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿಡುವುದು ಒಳ್ಳೆಯದು. ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಬಾರದು, ಅಲ್ಲಿ ಹ್ಯಾಂಡ್ ಬ್ರೇಕ್ ಬೇಕೇ ಬೇಕು.

ಹೆಜ್ಜೆ 4: ಬ್ರೇಕ್ ಒತ್ತಿದಾಗ ಬರುವ ಸದ್ದು

ತೆಳ್ಳಗೆ, ಎತ್ತರದ ಧ್ವನಿಯಲ್ಲಿ "ಕೀಂಯ್" ಅಂದರೆ ಮೊದಲು ನೋಡಬೇಕಾದ್ದು ಪ್ಯಾಡಿನ ದಪ್ಪ. ಬಹಳಷ್ಟು ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು 2-3 ಮಿ.ಮೀ.ಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕೀರಲು ಶುರುಮಾಡುತ್ತದೆ. ಪ್ಯಾಡ್ ಬದಲಾಯಿಸಿ ಅಂತ ಗಾಡಿಯೇ ಕೂಗಿ ಹೇಳಲಿ ಅಂತಲೇ ಅದನ್ನು ಇಟ್ಟಿರುವುದು. ಕೆಲವು ಗಾಡಿಗಳಲ್ಲಿ ಇದು ಬ್ರೇಕ್ ಒತ್ತದಿದ್ದಾಗಲೂ ಸಣ್ಣಗೆ ಕೀರಿ, ಒತ್ತಿದರೆ ನಿಲ್ಲುತ್ತದೆ. ಅಗ್ಗದ ಪ್ಯಾಡುಗಳಲ್ಲಿ ಈ ನಾಲಿಗೆ ಇರುವುದೇ ಇಲ್ಲ. ಹಾಗಾಗಿ ಕೀರದೇ ಇದ್ದರೆ ಪ್ಯಾಡ್ ಚೆನ್ನಾಗಿದೆ ಅಂತ ತಿಳಿಯಬಾರದು.

ಪ್ಯಾಡ್ ದಪ್ಪಗಿದ್ದೂ ಕೀರುತ್ತಿದ್ದರೆ ಮೂರು ಅನುಮಾನ. ಒಂದು, ಘಾಟಿಯಲ್ಲಿ ಬಹಳ ಬಿಸಿಯಾಗಿ ಪ್ಯಾಡಿನ ಮೈ ಗಾಜಿನಷ್ಟು ನುಣುಪಾಗಿದೆ. ಮೆಕ್ಯಾನಿಕ್‌ಗಳು ಪ್ಯಾಡ್ ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜುವುದು ಇದಕ್ಕೇ. ಸಣ್ಣ ಮಟ್ಟದ ನುಣುಪಿಗೆ ಅದು ಸಾಕಾಗುತ್ತದೆ. ಎರಡು, ಪ್ಯಾಡಿನ ಬೆನ್ನಿಗಿರುವ ತೆಳು ತಗಡು ಅಥವಾ ಪಕ್ಕದ ಕ್ಲಿಪ್ಪುಗಳನ್ನು ಹಿಂದಿನ ಸರ್ವಿಸ್‌ನಲ್ಲಿ ವಾಪಸ್ ಹಾಕಿಲ್ಲ. ಇದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ನಡೆಯುತ್ತದೆ. ಮೂರು, ಪ್ಯಾಡಿನ ಗುಣಮಟ್ಟವೇ ಅಷ್ಟು. ಲೋಹದ ಪುಡಿ ಜಾಸ್ತಿ ಇರುವ ಪ್ಯಾಡ್ ಬಾಳಿಕೆ ಬಂದರೂ ಸ್ವಲ್ಪ ಕೀರುತ್ತದೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತಿದ್ದರೆ ಈ ಮೂರನೆಯದನ್ನು ಸಹಿಸಿಕೊಳ್ಳಬಹುದು ಅನ್ನುವುದು ನನ್ನ ಅಭಿಪ್ರಾಯ.

ಕೀರುವ ಧ್ವನಿ ಕೆಲವು ದಿನದಲ್ಲಿ ದಪ್ಪಗಾಗಿ "ಗರ್ರ್" ಅನ್ನತೊಡಗಿದರೆ ಪ್ಯಾಡ್ ಪೂರ್ತಿ ಮುಗಿದು ಅದರ ಹಿಂದಿನ ಕಬ್ಬಿಣದ ಪ್ಲೇಟು ಡಿಸ್ಕನ್ನು ಕೆರೆಯುತ್ತಿದೆ ಅಂತ ಅರ್ಥ. ಕಾಲಿಗೂ ನಡುಕ ಗೊತ್ತಾಗುತ್ತದೆ. ಇಲ್ಲಿಂದ ಮುಂದೆ ಒಂದೊಂದು ಕಿಲೋಮೀಟರಿಗೂ ಡಿಸ್ಕ್ ಹಾಳಾಗುತ್ತದೆ. ಪ್ಯಾಡಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಡಿಸ್ಕ್ ಬೆಲೆಗೆ ಏರುತ್ತದೆ.

ಸದ್ದು ಕಡಿಮೆ, ಆದರೆ ವೇಗದಲ್ಲಿ ಒತ್ತಿದಾಗ ಪೆಡಲ್ ಮತ್ತು ಸ್ಟೀರಿಂಗ್ ಅದುರುತ್ತದೆ ಅಂದರೆ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲ. ಜನ ಇದನ್ನು ಡಿಸ್ಕ್ ಬೆಂಡ್ ಅನ್ನುತ್ತಾರೆ. ಲೇತಿಗೆ ಕೊಟ್ಟು ಸಮ ಮಾಡಿಸಬಹುದು. ಆದರೆ ಎಷ್ಟು ತೆಳ್ಳಗಾಗಬಹುದು ಅನ್ನುವುದಕ್ಕೆ ಮಿತಿ ಇದೆ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ಕೆಳಗೆ ಹೋಗುವ ಹಾಗಿದ್ದರೆ ಲೇತ್ ಬೇಡ, ಹೊಸದು ಹಾಕಿಸಿ.

ಒಂದು ಸದ್ದಿಗೆ ಮಾತ್ರ ಹೆದರಬಾರದು. ಒದ್ದೆ ರಸ್ತೆಯಲ್ಲಿ ಅಥವಾ ಜಲ್ಲಿಯ ಮೇಲೆ ಜೋರಾಗಿ ಬ್ರೇಕ್ ಹಾಕಿದಾಗ "ಕರ್ರ್ ಕರ್ರ್" ಅಂತ ಕಾಲ ಕೆಳಗೆ ಪೆಡಲ್ ಒದ್ದ ಹಾಗಾಗುತ್ತದೆ. ಅದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ಬಗೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಹಳೆಯ ಗಾಡಿಯಿಂದ ಹೊಸದಕ್ಕೆ ಬಂದವರು ಈ ಒದೆತಕ್ಕೆ ಬೆಚ್ಚಿ ಕಾಲು ತೆಗೆದುಬಿಡುತ್ತಾರೆ. ತೆಗೆಯಬೇಡಿ. ಒತ್ತಿಯೇ ಹಿಡಿದು ಸ್ಟೀರಿಂಗ್ ತಿರುಗಿಸಿ.

ಹೆಜ್ಜೆ 5: ಒತ್ತದೇ ಇದ್ದಾಗಲೂ ಬರುವ ಸದ್ದು

ಜಲ್ಲಿ ಹಾಕಿದ ರಸ್ತೆಯಲ್ಲಿ, ತೋಟದ ದಾರಿಯಲ್ಲಿ ಬಂದ ಮೇಲೆ ಇದ್ದಕ್ಕಿದ್ದ ಹಾಗೆ ಕಿವಿ ಹರಿಯುವಂತೆ ಕಿರ್ರೋ ಅನ್ನತೊಡಗಿತಾ? ನೂರಕ್ಕೆ ತೊಂಬತ್ತು ಪಾಲು ಅದು ಕಲ್ಲು ಅಂದುಕೊಳ್ಳಿ. ಡಿಸ್ಕಿನ ಹಿಂದೆ ತೆಳ್ಳಗಿನ ತಗಡಿನ ಕವಚ ಇರುತ್ತದೆ. ಎರಡರ ನಡುವೆ ಜಲ್ಲಿ ಚೂರು ಸಿಕ್ಕಿಕೊಂಡರೆ ಸಾಕು, ಗಾಡಿಯೇ ಬಿಚ್ಚಿಹೋಗುತ್ತದೇನೋ ಅನ್ನುವಷ್ಟು ಗಲಾಟೆ. ಹಿಂದೆ ಮುಂದೆ ನಾಲ್ಕು ಸಲ ಓಡಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ಹೋಗಿ. ಸಾಮಾನ್ಯವಾಗಿ ಉದುರಿಬಿಡುತ್ತದೆ. ಹೋಗದಿದ್ದರೆ ಚಕ್ರ ಬಿಚ್ಚಿ, ಡಿಸ್ಕ್ ತಣ್ಣಗಾದ ಮೇಲೆ ಆ ತಗಡನ್ನು ಕೈಯಲ್ಲಿ ಸ್ವಲ್ಪ ಹೊರಗೆ ಬಗ್ಗಿಸಿದರೆ ಕಲ್ಲು ಕೆಳಗೆ ಬೀಳುತ್ತದೆ. ಕಲ್ಲಿಲ್ಲದೆ ತಗಡೇ ಬಗ್ಗಿ ಡಿಸ್ಕಿಗೆ ತಾಗುತ್ತಿದ್ದರೂ ಇದೇ ಮದ್ದು.

ವೇಗ ಏರಿದ ಹಾಗೆ ಏರುವ, ದೂರದಲ್ಲಿ ಅಡಿಕೆ ಸುಲಿಯುವ ಮೆಷಿನ್ ಓಡುತ್ತಿರುವಂಥ "ಗೊಂಯ್" ಧ್ವನಿ ಬ್ರೇಕಿನದ್ದಲ್ಲ. ಚಕ್ರದ ಬೇರಿಂಗ್ ನೋಡಿಸಿ. ತಿರುವಿನಲ್ಲಿ ಇದು ಬದಲಾಗುತ್ತದೆ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಬಲಗಡೆಯದ್ದು.

ಸಣ್ಣಗೆ ಉಜ್ಜುವ ಸದ್ದು ಸದಾ ಇದ್ದು, ಗಾಡಿ ಎಳೆಯುವುದು ಭಾರವಾಗಿದ್ದು, ಮೈಲೇಜ್ ಬಿದ್ದಿದ್ದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಹಿಂದೆ ಮುಂದೆ ಜಾರಲು ಎರಡು ಪಿನ್ ಇರುತ್ತವೆ. ಅವುಗಳ ರಬ್ಬರ್ ಬೂಟ್ ಹರಿದು ನೀರು, ಕೆಸರು ಹೋದರೆ ಪಿನ್ ತುಕ್ಕು ಹಿಡಿದು ಬಿಗಿಯುತ್ತದೆ. ನಮ್ಮ ಮಳೆಗೆ ಇದು ಆಗುವುದು ಬೇಗ. ಪತ್ತೆ ಮಾಡುವುದು ಸುಲಭ. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ಹತ್ತು ಕಿ.ಮೀ. ಹೋಗಿ ನಿಲ್ಲಿಸಿ. ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಂಭಾಗ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಸಿ ಇದ್ದರೆ ಕಳ್ಳ ಸಿಕ್ಕ. ಪಿನ್ ತೆಗೆದು ತೊಳೆದು, ಅದಕ್ಕಂತಲೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ ಹೊಸ ಬೂಟ್ ಹಾಕಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇದೊಂದು ಕೆಲಸ ಹೇಳಿ ಮಾಡಿಸಿ. ಹೇಳದಿದ್ದರೆ ಬಹಳ ಕಡೆ ಮಾಡುವುದಿಲ್ಲ.

ಹೆಜ್ಜೆ 6: ಹಳ್ಳ ದಿಣ್ಣೆಯ ಖಟಖಟ

ಮಳೆಗಾಲದ ನಮ್ಮ ರಸ್ತೆಯಲ್ಲಿ ಯಾವುದು ಗಾಡಿಯ ಸದ್ದು, ಯಾವುದು ರಸ್ತೆಯ ಸದ್ದು ಅನ್ನುವುದೇ ಗೊತ್ತಾಗುವುದಿಲ್ಲ. ಖಟಖಟ ಸದ್ದು ಬರುವ ಜಾಗದಲ್ಲಿ ನಿಧಾನವಾಗಿ ಹೋಗುತ್ತಾ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಡಿ. ಸದ್ದು ನಿಂತರೆ ಪ್ಯಾಡ್ ಅಥವಾ ಕ್ಯಾಲಿಪರ್ ಸಡಿಲ ಇದೆ: ಕ್ಲಿಪ್ ಇಲ್ಲ, ಪಿನ್ ಸವೆದಿದೆ, ಅಥವಾ ಬೋಲ್ಟ್ ಲೂಸ್. ಬೋಲ್ಟ್ ಲೂಸ್ ಆಗಿರುವ ಸಾಧ್ಯತೆ ಇರುವುದರಿಂದ ಇದನ್ನು ಅದೇ ದಿನ ನೋಡಿಸಿ. ನಿಲ್ಲದಿದ್ದರೆ ಲಿಂಕ್ ರಾಡ್, ಬಾಲ್ ಜಾಯಿಂಟ್, ಬುಷ್‌ಗಳ ಕಡೆ ಹೋಗಿ. ಅದು ಸಸ್ಪೆನ್ಷನ್ ಕೆಲಸ, ಬ್ರೇಕ್ ಬಿಚ್ಚಿಸಬೇಡಿ.

ರಿವರ್ಸಿನಿಂದ ಮುಂದಕ್ಕೆ ಬಂದು ಮೊದಲ ಸಲ ಒತ್ತಿದಾಗ ಸಣ್ಣದೊಂದು "ಟಿಕ್" ಕೇಳಿದರೆ ಪ್ಯಾಡ್ ತನ್ನ ಜಾಗದಲ್ಲಿ ಆ ಕಡೆಯಿಂದ ಈ ಕಡೆಗೆ ಸರಿದದ್ದು, ಅಷ್ಟೇ.

ಹೆಜ್ಜೆ 7: ಚಕ್ರ ಬಿಚ್ಚಿ ನೋಡುವುದು

ಸಿಮೆಂಟ್ ನೆಲ ಅಥವಾ ಗಟ್ಟಿ ಜಾಗ ಇದ್ದರೆ ಮಾತ್ರ ಈ ಕೆಲಸಕ್ಕೆ ಇಳಿಯಿರಿ. ಮಳೆಗೆ ನೆನೆದ ಅಂಗಳದಲ್ಲಿ ಜಾಕ್ ಒಂದು ಕಡೆ ಹೂತುಹೋಗಿ ಗಾಡಿ ವಾಲುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಜಾಕ್ ಕೆಳಗೆ ಅಗಲವಾದ ಗಟ್ಟಿ ಹಲಗೆ ಕೊಡಿ. ಎತ್ತುವುದು ಮುಂದಿನ ಚಕ್ರವಾದರೆ ಹಿಂದಿನ ಎರಡಕ್ಕೂ ಅಡ್ಡ ಕಲ್ಲು. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿಕೊಳ್ಳಿ, ಆಮೇಲೆ ಎತ್ತಿ. ಬಿಚ್ಚಿದ ಚಕ್ರವನ್ನು ಗಾಡಿಯ ಕೆಳಗೆ ಅಡ್ಡ ಮಲಗಿಸಿ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ನೀವು ಮಾತ್ರ ಗಾಡಿ ಕೆಳಗೆ ತೂರಬೇಡಿ.

ಕ್ಯಾಲಿಪರಿನ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಎರಡೂ ಪ್ಯಾಡ್ ಕಾಣುತ್ತವೆ. ಕಬ್ಬಿಣದ ಪ್ಲೇಟನ್ನು ಬಿಟ್ಟು ಉಳಿದ ಕಪ್ಪು ಭಾಗದ ದಪ್ಪ ಲೆಕ್ಕ ಹಾಕಿ. ಹೊಸದರಲ್ಲಿ ಅದು ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸುವ ಕಾಲ. ಎದುರಿಗೆ ಘಾಟಿ ಪ್ರಯಾಣ ಇದ್ದರೆ ನಾನು 4ಕ್ಕೇ ಬದಲಾಯಿಸಿ ಅನ್ನುತ್ತೇನೆ. ಹೊರಗಿನ ಪ್ಯಾಡ್ ಒಂದನ್ನೇ ನೋಡಿ ಸಮಾಧಾನಪಡಬೇಡಿ. ಒಳಗಿನದು ಬೇಗ ಸವೆಯುವುದು ಸಾಮಾನ್ಯ. ಒಳಗಿನದು ಹೊರಗಿನದಕ್ಕಿಂತ ಬಹಳ ತೆಳ್ಳಗಿದ್ದರೆ ಪಿನ್ ಬಿಗಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಡಿಸ್ಕ್ ತಣ್ಣಗಿರುವಾಗ ಉಗುರು ಆಡಿಸಿ ನೋಡಿ. ಉಗುರು ಸಿಕ್ಕುವಷ್ಟು ಆಳದ ಗೀರು ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಹಿಂದಿನ ಡ್ರಮ್ ಬಿಚ್ಚುವುದು ಮನೆಯ ಕೆಲಸವಲ್ಲ. ಒಳಗೆ ಸ್ಪ್ರಿಂಗುಗಳಿವೆ, ತುಕ್ಕು ಹಿಡಿದ ಡ್ರಮ್ ಸುಲಭಕ್ಕೆ ಬರುವುದೂ ಇಲ್ಲ. ಹೊಳೆ, ಹಳ್ಳದ ನೀರು ದಾಟಿದ ಗಾಡಿಯಾದರೆ ಡ್ರಮ್ ಒಳಗೆ ಕೆಸರು ಕೂತಿರುತ್ತದೆ. ಗ್ಯಾರೇಜಿನಲ್ಲಿ ಬಿಚ್ಚಿ ಕ್ಲೀನ್ ಮಾಡಿಸಿ, ಅಡ್ಜಸ್ಟ್ ಮಾಡಿಸಿ. ಡ್ರಮ್ ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸುವಾಗ ಪಕ್ಕದಲ್ಲಿ ನಿಲ್ಲಬೇಡಿ, ಎದೆಗೆ ಒಳ್ಳೆಯದಲ್ಲ. ಒದ್ದೆ ಮಾಡಿ ಒರೆಸುವುದೇ ಸರಿಯಾದ ಕ್ರಮ.

ಇನ್ನು ಮನೆಮದ್ದು. ಸದ್ದು ಬರುವ ಡಿಸ್ಕಿಗೆ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ಸದ್ದು ನಿಲ್ಲುತ್ತದೆ, ಜೊತೆಗೆ ಬ್ರೇಕೂ ನಿಲ್ಲುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಬಿಸಾಡಬೇಕು. ಡೀಸೆಲ್ ಹಾಕಿ ತೊಳೆಯುವುದೂ ಇದೇ ಸಾಲಿಗೆ ಸೇರಿದ್ದು.

ಹೆಜ್ಜೆ 8: ಬ್ರೇಕ್ ಆಯಿಲ್ ಮತ್ತು ಘಾಟಿ

ಡಬ್ಬಿಯಲ್ಲಿ ಆಯಿಲ್ ಮಟ್ಟ ಕೆಳಗಿದ್ದರೆ ತಕ್ಷಣ ತುಂಬಿಸಬೇಡಿ. ಪ್ಯಾಡ್ ಸವೆದ ಹಾಗೆ ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬಂದು ಮಟ್ಟ ಇಳಿಯುವುದು ಸಹಜ. ಮೊದಲು ಪ್ಯಾಡ್ ನೋಡಿ. ಈಗ ತುಂಬಿಸಿ, ನಾಳೆ ಹೊಸ ಪ್ಯಾಡ್ ಹಾಕಿದರೆ ಆಯಿಲ್ ಉಕ್ಕಿ ಬಾನೆಟ್ ಒಳಗಿನ ಪೇಂಟ್ ತಿನ್ನುತ್ತದೆ. ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆ ಹುಡುಕಿ.

ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ನೀರು ಹೀರಿದ ಮೇಲಿನ ಲೆಕ್ಕ 155 ಡಿಗ್ರಿ. ಡಾಟ್ 3ಕ್ಕೆ ಇದು 205 ಮತ್ತು 140. ಎಡೆಬಿಡದೆ ಬ್ರೇಕ್ ತುಳಿದು ಘಾಟಿ ಇಳಿದರೆ ಡಿಸ್ಕ್ 200 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಆ ಬಿಸಿ ಕ್ಯಾಲಿಪರಿಗೆ ಇಳಿದು ಆಯಿಲ್ ಕುದಿದರೆ ಗುಳ್ಳೆಯೆದ್ದು ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಂಥ ಊರಿನ ಸುತ್ತ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವುದನ್ನು ತಪ್ಪಿಸಬಾರದು.

ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿಯಿರಿ, ಬೇಕಾದ ಕಡೆ ಮೊದಲನೆಯದು. ಆಟೋಮ್ಯಾಟಿಕ್ ಗಾಡಿಯಾದರೆ ಕೆಳಗಿನ ಗೇರಿಗೆ ತಂದು ಹಿಡಿಯಿರಿ. ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಜಾಣರು ಇನ್ನೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ತುಳಿತಕ್ಕೆ ಖಾಲಿ. ಆಮೇಲೆ ಪೆಡಲ್ ಕಲ್ಲು.

ಒತ್ತಿದಾಗ ಕಾಲ ಬಳಿ "ಸುಸ್ಸ್" ಅಂತ ಗಾಳಿ ಎಳೆಯುವ ಸದ್ದು ನಿಲ್ಲದೆ ಬಂದು ಪೆಡಲ್ ಗಟ್ಟಿಯಾಗಿದ್ದರೆ ಈ ಬೂಸ್ಟರನ್ನೇ ಅನುಮಾನಿಸಬೇಕು. ಎಂಜಿನ್ ಆಫ್ ಮಾಡಿ ಐದಾರು ಸಲ ತುಳಿದು, ಕಾಲು ಪೆಡಲ್ ಮೇಲಿಟ್ಟೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಘಾಟಿ ಪ್ರಯಾಣ ಮುಂದಕ್ಕೆ ಹಾಕಿ.

ಇಳಿದು ಮುಗಿದ ಮೇಲೆ ಸುಟ್ಟ ವಾಸನೆ ಬಂದರೆ ಘಾಟಿಯ ಬುಡದ ಸೋಮೇಶ್ವರದಲ್ಲಿ ಕಾಫಿ ಕುಡಿಯಲು ನಿಲ್ಲಿಸಿ, ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿಗೆ ಬಾಟಲಿ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಸಮತಟ್ಟು ಜಾಗವಿದ್ದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ನಿಲ್ಲಿಸಿ. ತಣ್ಣಗಾಗುವಾಗ ಟಿಣ್ ಟಿಣ್ ಅಂತ ಸದ್ದು ಬರುತ್ತದೆ, ಅದು ಕಬ್ಬಿಣ ಕುಗ್ಗುವ ಸದ್ದು.

ಹೆಜ್ಜೆ 9: ಗ್ಯಾರೇಜಿನಲ್ಲಿ, ಅದರ ನಂತರ

"ಬ್ರೇಕ್ ಸೌಂಡ್" ಅನ್ನುವ ಬದಲು ಹೀಗೆ ಹೇಳಿ: "ಮುಂದಿನ ಎಡಗಡೆ. ಗಾಡಿ ಬಿಸಿಯಾದ ಮೇಲೆ, ಮೆಲ್ಲಗೆ ಒತ್ತಿದಾಗ ಮಾತ್ರ ಕೀರುತ್ತೆ. ಗಟ್ಟಿಯಾಗಿ ಒತ್ತಿದ್ರೆ ಇಲ್ಲ. ರಿವರ್ಸಲ್ಲೂ ಇಲ್ಲ." ಇಷ್ಟು ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ನಿಮ್ಮನ್ನು ಬೇರೆ ಥರ ನೋಡುತ್ತಾನೆ. ತೆಗೆದ ಹಳೆಯ ಪ್ಯಾಡ್ ಕೇಳಿ ಪಡೆದು ನಿಮ್ಮ ಕಣ್ಣಲ್ಲೇ ನೋಡಿ. ಪ್ಯಾಡ್ ಯಾವತ್ತೂ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಾಗಬೇಕು. ಕ್ಲಿಪ್ಪುಗಳು ವಾಪಸ್ ಬಂದವಾ ಅಂತ ಕೇಳಿ.

ಹೊಸ ಪ್ಯಾಡ್ ಹಾಕಿದ ಗಾಡಿಯನ್ನು ಅಲ್ಲಾಡಿಸುವ ಮೊದಲು ನಿಂತಲ್ಲೇ ಪೆಡಲ್ ನಾಲ್ಕೈದು ಸಲ ತುಳಿದು ಗಟ್ಟಿ ಮಾಡಿಕೊಳ್ಳಿ. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಗ್ಯಾರೇಜಿನ ಗೇಟಿನಲ್ಲೇ ಎದುರಿನ ಗಾಡಿಗೆ ಗುದ್ದುವುದು ಹೀಗೆ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸುವುದನ್ನು ಎಂಟು ಹತ್ತು ಸಲ, ನಡುವೆ ಸ್ವಲ್ಪ ತಣ್ಣಗಾಗಲು ಬಿಟ್ಟು ಮಾಡಿ. ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಕೂರುತ್ತವೆ. ಮೊದಲ 200-300 ಕಿ.ಮೀ. ಸಣ್ಣ ಸದ್ದು, ಸ್ವಲ್ಪ ವಾಸನೆ ಬಂದರೆ ಗಾಬರಿ ಬೇಡ. ಅಷ್ಟರೊಳಗೆ ಘಾಟಿ ಇಳಿಯುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಚಕ್ರ ಬಿಚ್ಚಿ ಹಾಕಿದ ಗಾಡಿಯ ನಟ್ಟುಗಳನ್ನು 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.